ನಂದಿ ಏರಿಗೆ ಯಾವ ಪೆಡಲ್: ಗ್ರಾಂ, ಡಿಗ್ರಿ, ರೂಪಾಯಿಗಳ ಲೆಕ್ಕ

ಶಿಮಾನೊ ಕಂಪನಿಯ ಪಿಡಿ-ಎಂ520 ಪೆಡಲ್ ಜೋಡಿಯ ತೂಕ 380 ಗ್ರಾಂ. ಅದೇ ಕಂಪನಿಯ ಸ್ಪರ್ಧಾ ದರ್ಜೆಯ ಪಿಡಿ-ಆರ್9100 ಜೋಡಿಯದು 228 ಗ್ರಾಂ. ವ್ಯತ್ಯಾಸ 152 ಗ್ರಾಂ, ಅಂದರೆ ಶೇ 40ರಷ್ಟು ಇಳಿಕೆ. ಮೊದಲನೆಯದರ ಬೆಲೆ ನಾಲ್ಕಂಕಿಯಲ್ಲಿ ಮುಗಿಯುತ್ತದೆ, ಎರಡನೆಯದರದು ಐದಂಕಿ ಮುಟ್ಟುತ್ತದೆ. ನಂದಿಬೆಟ್ಟವನ್ನು 32 ನಿಮಿಷದಲ್ಲಿ ಏರುವ ಸೈಕಲ್ ಸವಾರರಿಗೆ ಈ 152 ಗ್ರಾಂ ಉಳಿಸಿಕೊಡುವ ಸಮಯ 3 ಸೆಕೆಂಡ್. ಬಾಟಲಿಯಲ್ಲಿ ಅರ್ಧ ಲೀಟರ್ ನೀರು ಕಡಿಮೆ ಹೊತ್ತರೆ ಉಳಿಯುವುದು 10 ಸೆಕೆಂಡ್.

ಹಾಗಾದರೆ ಪೆಡಲ್‌ಗೆ ಕೊಡುವ ದುಡ್ಡು ಯಾವುದಕ್ಕೆ? ಪಾದವನ್ನು ಹಿಡಿಯುವುದಕ್ಕೆ ಮತ್ತು ಬೇಕೆಂದ ಕ್ಷಣದಲ್ಲಿ ಬಿಡುವುದಕ್ಕೆ. ಈ ಎರಡರಲ್ಲಿ ಎರಡನೆಯದೇ ಮುಖ್ಯ ಎಂಬುದು ಈ ವರದಿಯ ವಾದ. ಅಂಗಡಿಯ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಗ್ರಾಂ. ಸವಾರರ ಅನುಭವಕ್ಕೆ ತಕ್ಕಂತೆ ಆರಿಸುವಾಗ ನೋಡಬೇಕಾದದ್ದು ಡಿಗ್ರಿ ಮತ್ತು ಸ್ಪ್ರಿಂಗಿನ ಬಿಗಿ.

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ನಾಲ್ಕೂ ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರುಗಳು. ಹೆದ್ದಾರಿಯ ಹಳೆಯ ಸಂಖ್ಯೆ 234, ಈಗಿನದು 69. ಚಿಂತಾಮಣಿಯಿಂದ ಗೌರಿಬಿದನೂರಿಗೆ ಸುಮಾರು 80 ಕಿ.ಮೀ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸೈಕಲ್ ಏರಿಸಲು ಬೆಟ್ಟಗಳಿಗೆ ಬರವಿಲ್ಲ. ನಂದಿ ಇದೆ, ಆವಲಬೆಟ್ಟ ಇದೆ, ಚಿಂತಾಮಣಿ ತಾಲ್ಲೂಕಿನಲ್ಲಿ ಕೈಲಾಸಗಿರಿ ಇದೆ. ಭಾನುವಾರ ಬೆಳಕು ಹರಿಯುವ ಮುನ್ನವೇ ಬೆಂಗಳೂರಿನಿಂದ ಹೊರಟು ಬರುವವರ ಕಾಲಲ್ಲಿ ಕಟಕಟ ಸದ್ದು ಮಾಡುವ ಶೂ ನೋಡಿ, ತಾವೂ ಅಂಥದ್ದನ್ನು ಹಾಕಿಸಿಕೊಳ್ಳಬೇಕೇ ಎಂದು ಲೆಕ್ಕ ಹಾಕುವ ಸ್ಥಳೀಯ ಸವಾರರಿಗಾಗಿ ಈ ಅಂಕಿಗಳು.

ಆ ಸದ್ದು ಕ್ಲೀಟ್‌ನದು. ಶೂವಿನ ಅಡಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಅಥವಾ ಪ್ಲಾಸ್ಟಿಕ್‌ನ ಬಿಲ್ಲೆಯೇ ಕ್ಲೀಟ್. ಅದು ಪೆಡಲ್‌ನ ಸ್ಪ್ರಿಂಗ್ ಹಿಡಿತದೊಳಗೆ ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಎರಡು ಬೋಲ್ಟಿನ ಸಣ್ಣ ಉಕ್ಕಿನ ಕ್ಲೀಟ್ ಬಳಸುವ ಪದ್ಧತಿಗೆ ಎಸ್‌ಪಿಡಿ ಎಂದು ಹೆಸರು. ಶಿಮಾನೊ ಇದನ್ನು 1990ರಲ್ಲಿ ಮಾರುಕಟ್ಟೆಗೆ ತಂದಿತು. ಮೂರು ಬೋಲ್ಟಿನ ಅಗಲ ಪ್ಲಾಸ್ಟಿಕ್ ಕ್ಲೀಟ್‌ನ ಪದ್ಧತಿ ರಸ್ತೆ ಸ್ಪರ್ಧೆಯದು. ಶಿಮಾನೊ ಅದನ್ನು ಎಸ್‌ಪಿಡಿ-ಎಸ್‌ಎಲ್ ಎನ್ನುತ್ತದೆ, ಫ್ರಾನ್ಸಿನ ಲುಕ್ ಕಂಪನಿ ಕಿಯೊ ಎನ್ನುತ್ತದೆ. ಇವೆರಡೂ ಬೇಡವೆಂದರೆ ಉಳಿಯುವುದು ಮೊಳೆಯಂಥ ಪಿನ್ನುಗಳಿರುವ ಚಪ್ಪಟೆ ಪೆಡಲ್. ಅದರ ಮೇಲೆ ಯಾವ ಶೂ ಬೇಕಾದರೂ ಇಡಬಹುದು.

ಬೆಟ್ಟದಿಂದಲೇ ಶುರು ಮಾಡೋಣ. ನಂದಿಯ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಸವಾರರು ಬುಡ ಎಂದು ಎಣಿಸುವ ಜಾಗದಿಂದ ಮೇಲಿನವರೆಗೆ ಸುಮಾರು 7.5 ಕಿ.ಮೀ. ರಸ್ತೆ. ಏರಿಕೆಯನ್ನು 420 ಮೀಟರ್ ಎಂದು ಇಟ್ಟುಕೊಂಡರೆ ಸರಾಸರಿ ಇಳಿಜಾರು ಶೇ 5.6. ಅಂದರೆ 100 ಮೀಟರ್ ಮುಂದೆ ಹೋದಂತೆ 5.6 ಮೀಟರ್ ಮೇಲೆ. ಸರಾಸರಿಯೇ ಪೂರ್ತಿ ಕಥೆ ಹೇಳುವುದಿಲ್ಲ: ಮೇಲ್ಭಾಗದ ಕೆಲವು ತುಂಡುಗಳಲ್ಲಿ ಇಳಿಜಾರು ಶೇ 10ನ್ನು ದಾಟುತ್ತದೆ.

ಸವಾರರು ಮತ್ತು ಸೈಕಲ್ ಸೇರಿ 80 ಕೆ.ಜಿ. ಎಂದುಕೊಂಡು, ಟೈರಿನ ಮತ್ತು ಗಾಳಿಯ ತಡೆ ಸೇರಿಸಿ ಲೆಕ್ಕ ಹಾಕಿದರೆ ಮೂರು ಮಟ್ಟಗಳು ಸಿಗುತ್ತವೆ. 120 ವಾಟ್ ಶಕ್ತಿ ಕೊಡುವ ಹೊಸಬರು ಗಂಟೆಗೆ 8.8 ಕಿ.ಮೀ. ವೇಗದಲ್ಲಿ 51 ನಿಮಿಷಕ್ಕೆ ತುದಿ ಮುಟ್ಟುತ್ತಾರೆ. (ಪ್ರತಿ ಸೆಕೆಂಡಿಗೆ ಕಾಲು ಪೆಡಲ್‌ಗೆ ಕೊಡುವ ಶಕ್ತಿಯ ಅಳತೆ ವಾಟ್.) 200 ವಾಟ್‌ನ ಅನುಭವಿಗಳು 14 ಕಿ.ಮೀ. ವೇಗದಲ್ಲಿ 32 ನಿಮಿಷಕ್ಕೆ, 280 ವಾಟ್‌ನ ಸ್ಪರ್ಧಿಗಳು 18.7 ಕಿ.ಮೀ. ವೇಗದಲ್ಲಿ 24 ನಿಮಿಷಕ್ಕೆ. ಇಲ್ಲಿಂದ ಮುಂದೆ ಹೊಸಬರು, ಅನುಭವಿಗಳು, ಸ್ಪರ್ಧಿಗಳು ಎಂದಾಗ ಈ ಮೂವರನ್ನೇ ಗಣಿಸಬೇಕು.

ಈ ಮೂವರಿಗೂ 152 ಗ್ರಾಂ ಇಳಿಸಿದರೆ ಹೊಸಬರಿಗೆ 5 ಸೆಕೆಂಡ್, ಅನುಭವಿಗಳಿಗೆ 3, ಸ್ಪರ್ಧಿಗಳಿಗೆ 2 ಸೆಕೆಂಡ್ ಉಳಿಯುತ್ತದೆ. ಶೇಕಡಾವಾರು ನೋಡಿದರೆ 0.18, 0.16, 0.14. ಒಂದು ಸೆಕೆಂಡಿಗೆ ಪದಕ ತಪ್ಪುವ ಸ್ಪರ್ಧೆಯಲ್ಲಿ 2 ಸೆಕೆಂಡಿಗೆ ಬೆಲೆ ಇದೆ. 51 ನಿಮಿಷದ ಸವಾರಿಯಲ್ಲಿ 5 ಸೆಕೆಂಡ್ ಎಂದರೆ ದಾರಿಯಲ್ಲಿ ಕೋತಿಗೆ ಜಾಗ ಬಿಟ್ಟು ನಿಂತಷ್ಟು ಹೊತ್ತೂ ಆಗಲಿಲ್ಲ.

ಈಗ ಇಳಿಜಾರು ಶೇ 10 ಇರುವ ಕಡೆಗೆ ಬರೋಣ. ಅಲ್ಲಿ ಹೊಸಬರ ವೇಗ ಗಂಟೆಗೆ 5.2 ಕಿ.ಮೀ.ಗೆ ಇಳಿಯುತ್ತದೆ, ಅನುಭವಿಗಳದು 8.6ಕ್ಕೆ, ಸ್ಪರ್ಧಿಗಳದು 11.9ಕ್ಕೆ. 5.2 ಎಂದರೆ ಚುರುಕು ನಡಿಗೆಯ ವೇಗ. ಆ ವೇಗದಲ್ಲಿ ಸೈಕಲ್ ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ, ಹ್ಯಾಂಡಲ್ ಆಚೀಚೆ ಆಡಿಸುತ್ತಾ ನಿಲ್ಲಿಸಿಕೊಳ್ಳಬೇಕು. ಮುಂದೆ ಒಂದು ಕಾರು ತಿರುವಿನಲ್ಲಿ ರಿವರ್ಸ್ ತೆಗೆದುಕೊಂಡಿತು ಎನ್ನಿ. ಸವಾರರು ನಿಲ್ಲಲೇಬೇಕು, ಕಾಲು ಊರಲೇಬೇಕು.

ಅದಕ್ಕೆ ಸಿಗುವ ಸಮಯ ಸುಮಾರು 1 ಸೆಕೆಂಡ್. ದೇಹದ ಭಾರ ನೆಲದಿಂದ 1 ಮೀಟರ್ ಎತ್ತರದಲ್ಲಿದೆ ಎಂದುಕೊಂಡರೆ, ನಿಂತ ಸೈಕಲ್ 2 ಡಿಗ್ರಿ ವಾಲಿದ ಸ್ಥಿತಿಯಿಂದ 20 ಡಿಗ್ರಿಗೆ ಬರಲು 0.96 ಸೆಕೆಂಡ್ ಸಾಕು. 20 ಡಿಗ್ರಿ ದಾಟಿದ ಮೇಲೆ ಕಾಲು ಊರಿದರೂ ಭಾರ ತಡೆಯುವುದು ಕಷ್ಟ. ಈ ಒಂದು ಸೆಕೆಂಡಿನೊಳಗೆ ಗಮನಿಸಬೇಕು, ಹಿಮ್ಮಡಿ ತಿರುಗಿಸಬೇಕು, ಕಾಲು ತೆಗೆಯಬೇಕು, ನೆಲಕ್ಕೆ ಊರಬೇಕು. ಕ್ಲೀಟ್ ಕಲಿಯುವವರು ಬೀಳುವುದು ಹೆಚ್ಚಾಗಿ ಹೀಗೆ ನಿಂತಲ್ಲೇ. ಬಿದ್ದ ಪೆಟ್ಟು ಸಣ್ಣದೇ ಇರಬಹುದು, ಆದರೆ ಹೆದ್ದಾರಿಯಲ್ಲಿ ಬಲಕ್ಕೆ ಬಿದ್ದರೆ ಹಿಂದೆ ಬರುವ ಜಲ್ಲಿ ಟಿಪ್ಪರಿನ ದಾರಿಗೇ ಬೀಳುವುದು. ಚಿಕ್ಕಬಳ್ಳಾಪುರದ ಸುತ್ತ ಕ್ವಾರಿಗಳಿರುವ ರಸ್ತೆಗಳಲ್ಲಿ ಈ ಭಯ ಕಲ್ಪನೆಯದಲ್ಲ. ಪೆಡಲ್ ಆಯ್ಕೆಯಲ್ಲಿ ಬಿಡುಗಡೆಯನ್ನು ಮೊದಲಿಗೆ ಇಡಬೇಕೆನ್ನಲು ನನಗೆ ಇದೊಂದೇ ಕಾರಣ ಸಾಕು.

ಬಿಡುಗಡೆಯ ಬಿಗಿಯನ್ನು ಲುಕ್ ಕಂಪನಿ ನ್ಯೂಟನ್-ಮೀಟರ್‌ನಲ್ಲಿ ಕೊಡುತ್ತದೆ. ಇದು ತಿರುಚುವ ಬಲದ ಅಳತೆ. ಕಿಯೊ ಕ್ಲಾಸಿಕ್ ಪೆಡಲ್‌ನ ಬಿಗಿಯನ್ನು 8ರಿಂದ 12ರವರೆಗೆ ಹೊಂದಿಸಬಹುದು. ಕಿಯೊ ಬ್ಲೇಡ್‌ನಲ್ಲಿ ಸ್ಪ್ರಿಂಗಿನ ಬದಲು ಕಾರ್ಬನ್ ಪಟ್ಟಿ ಇದೆ, ಅದರ ಸಾಮಾನ್ಯ ಬಿಗಿ 12 ಅಥವಾ 16. ಕ್ಲೀಟ್‌ನಿಂದ ಹಿಮ್ಮಡಿಗೆ 17 ಸೆಂ.ಮೀ. ಎಂದು ಹಿಡಿದರೆ, 8ರ ಬಿಗಿ ಬಿಡಿಸಲು ಹಿಮ್ಮಡಿಯನ್ನು ಪಕ್ಕಕ್ಕೆ 4.8 ಕೆ.ಜಿ. ಬಲದಿಂದ ತಳ್ಳಬೇಕು. 12ಕ್ಕೆ 7.2 ಕೆ.ಜಿ., 16ಕ್ಕೆ 9.6 ಕೆ.ಜಿ. ಅಂದರೆ ಇಮ್ಮಡಿ. ಓಟದ ಕೊನೆಯಲ್ಲಿ ಎದ್ದು ನಿಂತು ತುಳಿಯುವ ಸ್ಪರ್ಧಿಗೆ 16 ಬೇಕು. ಕಾಲು ಅಕಸ್ಮಾತ್ ಕಿತ್ತುಬಂದರೆ ಬೀಳುವುದು 50 ಕಿ.ಮೀ. ವೇಗದಲ್ಲಿ. ಹೊಸಬರಿಗೆ 8ಕ್ಕಿಂತ ಹೆಚ್ಚು ಬೇಡ.

ಕಾಲನ್ನು ತಾನಾಗಿ ಬಿಡುವ ಪೆಡಲ್ ಹುಟ್ಟಿದ್ದು ಹಿಮದ ಮೇಲಿನ ಸ್ಕೀ ಆಟದಿಂದ. ಅದಕ್ಕೂ ಮುಂಚೆ ಸ್ಪರ್ಧಿಗಳು ಉಕ್ಕಿನ ಪಂಜರದಂಥ ಕ್ಲಿಪ್ಪಿಗೆ ಕಾಲು ತೂರಿಸಿ ಚರ್ಮದ ಪಟ್ಟಿ ಬಿಗಿಯುತ್ತಿದ್ದರು. 1970ರ ದಶಕದ ಆರಂಭದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಎಂ71 ಎಂಬ ಪೆಡಲ್ ಮಾಡಿತು. ಕಾಲು ಬಿಡಿಸಲು ಬಗ್ಗಿ ಕೈಯಿಂದ ಕೊಂಡಿ ಎಳೆಯಬೇಕಿತ್ತು, ಹಾಗಾಗಿ ಅದು ಹೆಚ್ಚು ಜನರನ್ನು ಮುಟ್ಟಲಿಲ್ಲ. 1984ರಲ್ಲಿ ಸ್ಕೀ ಬೈಂಡಿಂಗ್ ತಯಾರಕರಾದ ಲುಕ್, ಬೀಳುವಾಗ ಪಾದವನ್ನು ಬಿಡುವ ತಮ್ಮ ಯಂತ್ರವನ್ನೇ ಪೆಡಲ್‌ಗೆ ಅಳವಡಿಸಿದರು. 1985ರಲ್ಲಿ ಬೆರ್ನಾರ್ ಇನೊ ಅದೇ ಪೆಡಲ್ ಹಾಕಿಕೊಂಡು ತಮ್ಮ ಐದನೆಯ ಟೂರ್ ಡಿ ಫ್ರಾನ್ಸ್ ಗೆದ್ದರು. ಹಿಡಿತದಲ್ಲಿ ಚಿನೆಲ್ಲಿ ಹಿಂದೆ ಬಿದ್ದಿರಲಿಲ್ಲ. ಲುಕ್ ಗೆದ್ದದ್ದು ಬಿಡುವುದರಲ್ಲಿ.

ಸ್ಕೀಯಲ್ಲಿ ಆಟಗಾರರ ಮಟ್ಟ ಕೇಳದೆ ಬೈಂಡಿಂಗ್ ಹೊಂದಿಸುವಂತಿಲ್ಲ. ಐಎಸ್‌ಒ 11088 ಎಂಬ ಅಂತರರಾಷ್ಟ್ರೀಯ ಮಾನದಂಡದ ಪಟ್ಟಿಯಲ್ಲಿ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಆಟದ ಮಟ್ಟ ಈ ಐದನ್ನೂ ನೋಡಿ ಬಿಡುಗಡೆಯ ಸಂಖ್ಯೆ ನಿಗದಿ ಮಾಡುತ್ತಾರೆ. ಆಟದ ಮಟ್ಟಕ್ಕೆ ಮೂರು ವರ್ಗಗಳಿವೆ. ಎಚ್ಚರಿಕೆಯವರಿಗೆ ಕಡಿಮೆ ಸಂಖ್ಯೆ, ವೇಗದವರಿಗೆ ಹೆಚ್ಚು. ಸೈಕಲ್ ಪೆಡಲ್‌ಗೆ ಇಂಥ ಪಟ್ಟಿ ಬಳಕೆಯಲ್ಲಿಲ್ಲ. ಪೆಡಲ್ ಕೊಂಡವರು ಸ್ಪ್ರಿಂಗಿನ ತಿರುಪನ್ನು ತಾವೇ ತಿರುಗಿಸಿಕೊಳ್ಳಬೇಕು.

ಸ್ನೋಬೋರ್ಡ್ ಇನ್ನೂ ಬೇರೆ. ಅಲ್ಲಿ ಎರಡೂ ಪಾದ ಒಂದೇ ಹಲಗೆಗೆ ಬಿಗಿದಿರುತ್ತವೆ, ಬಿದ್ದರೂ ಬೈಂಡಿಂಗ್ ಬಿಡುವುದಿಲ್ಲ. 1990ರ ದಶಕದಲ್ಲಿ ಫ್ಲೋ ಕಂಪನಿ ಜನಪ್ರಿಯಗೊಳಿಸಿದ ಮಾದರಿಯಲ್ಲಿ ಹಿಂಬದಿಯ ಆಸರೆ ಕೆಳಕ್ಕೆ ಮಡಚುತ್ತದೆ, ಪಾದ ಹಿಂದಿನಿಂದ ಒಳಗೆ ಹೋಗುತ್ತದೆ, ಆಸರೆ ಎತ್ತಿ ಸನ್ನೆ ಹಾಕಿದರೆ ಮುಗಿಯಿತು. ಹಿಮದ ಮೇಲೆ ಕೂತು ಪಟ್ಟಿ ಬಿಗಿಯುವ ಕೆಲಸ ತಪ್ಪುತ್ತದೆ. ಬೈಂಡಿಂಗ್ ಬಾಗುವ ಗುಣವನ್ನು 1ರಿಂದ 10ರ ಅಳತೆಯಲ್ಲಿ ಕೊಡುತ್ತಾರೆ: ಕಲಿಯುವವರಿಗೆ ಸಾಮಾನ್ಯವಾಗಿ 4ರ ಒಳಗೆ, ವೇಗದವರಿಗೆ 7ರ ಮೇಲೆ. ಗುಲ್ಮಾರ್ಗ್‌ಗೆ ಹೊರಟ ನಮ್ಮ ಕಡೆಯವರು ಬಾಡಿಗೆಯ ಹಲಗೆ ಹಿಡಿದಾಗ, ಪಟ್ಟಿಗಳು ತಮ್ಮ ಬೂಟಿನ ಅಳತೆಗೆ ಹೊಂದಿವೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಹಿಂಬದಿ ಪ್ರವೇಶದ ಬೈಂಡಿಂಗ್‌ನಲ್ಲಿ ಪಟ್ಟಿಯನ್ನು ಪ್ರತಿ ಸಲ ಬಿಗಿಯುವುದಿಲ್ಲ, ಒಮ್ಮೆ ಹೊಂದಿಸಿದ್ದೇ ದಿನವಿಡೀ ಉಳಿಯುತ್ತದೆ.

ನಮ್ಮ ರಸ್ತೆಗೆ ಮರಳೋಣ. ಕ್ಲೀಟ್ ಕಚ್ಚಿಕೊಂಡ ಮೇಲೂ ಹಿಮ್ಮಡಿ ಆಚೀಚೆ ಆಡಲು ಉಳಿಯುವ ಕೋನಕ್ಕೆ ಫ್ಲೋಟ್ ಎನ್ನುತ್ತಾರೆ. ಎಸ್‌ಪಿಡಿ-ಎಸ್‌ಎಲ್‌ನ ಹಳದಿ ಕ್ಲೀಟ್‌ನಲ್ಲಿ ಇದು 6 ಡಿಗ್ರಿ, ನೀಲಿಯಲ್ಲಿ 2, ಕೆಂಪಿನಲ್ಲಿ 0. ಲುಕ್ ಕಿಯೊದಲ್ಲಿ ಬಣ್ಣದ ಅರ್ಥವೇ ಬೇರೆ: ಕೆಂಪು 9 ಡಿಗ್ರಿ, ಬೂದು 4.5, ಕಪ್ಪು 0. ಒಂದು ಕಂಪನಿಯ ಕೆಂಪು ಅತಿ ಸಡಿಲ, ಇನ್ನೊಂದರ ಕೆಂಪು ಅತಿ ಬಿಗಿ. ಬಣ್ಣ ನೋಡಿ ಆರ್ಡರ್ ಮಾಡಿದರೆ 9 ಡಿಗ್ರಿಯ ಜಾಗಕ್ಕೆ 0 ಬರುವ ಅಪಾಯವಿದೆ.

ಈ ಡಿಗ್ರಿಗಳಿಗೆ ಬೆಲೆ ಕಟ್ಟುವುದು ಮಂಡಿ. ನಿಮಿಷಕ್ಕೆ 80 ಸುತ್ತು ತುಳಿಯುವ ಸವಾರರು 3 ಗಂಟೆಯ ಸವಾರಿಯಲ್ಲಿ ಪ್ರತಿ ಕಾಲಿನಿಂದ 14,400 ಸುತ್ತು ಹಾಕುತ್ತಾರೆ. ಕ್ಲೀಟ್ ಎರಡು ಡಿಗ್ರಿ ಓರೆಯಾಗಿ ಕೂತಿದ್ದು ಫ್ಲೋಟ್ 0 ಆಗಿದ್ದರೆ, ಮಂಡಿ ಆ ಓರೆಯನ್ನು 14,400 ಸಲ ತಾಳಬೇಕು. ಫ್ಲೋಟ್ 6 ಇದ್ದರೆ ಪಾದ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಕ್ಲೀಟ್ ಕೂರಿಸಲು ಅಳತೆಯ ಸಾಧನ ಇಟ್ಟುಕೊಂಡ ಫಿಟ್ಟಿಂಗ್ ಅಂಗಡಿ ಎಲ್ಲ ಊರಲ್ಲೂ ಸಿಗುವುದಿಲ್ಲ. ಕಣ್ಣಳತೆಯಲ್ಲಿ ಕೂರಿಸಿಕೊಳ್ಳುವವರು ಹಳದಿ ಬಿಟ್ಟು ಬೇರೆ ಬಣ್ಣ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಕ್ಲೀಟ್ ಹಾಕಿದರೆ ಏರು ಸುಲಭವಾಗುತ್ತದೆ ಎಂಬ ನಂಬಿಕೆಯನ್ನೂ ಅಂಕಿಯಲ್ಲಿ ಒರೆಗೆ ಹಚ್ಚಬೇಕು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ರಾಜರ್ ಕ್ರಾಮ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಹದದ ಸವಾರಿಗೆ ದೇಹ ಖರ್ಚು ಮಾಡುವ ಶಕ್ತಿ ಚಪ್ಪಟೆ ಪೆಡಲ್, ಪಟ್ಟಿ ಪೆಡಲ್, ಕ್ಲೀಟ್ ಪೆಡಲ್ ಮೂರರಲ್ಲೂ ಗಮನಾರ್ಹವಾಗಿ ಬದಲಾಗಲಿಲ್ಲ. ನಮ್ಮ 120 ವಾಟ್‌ನ ಹೊಸಬರು ಈ ಹದದಲ್ಲೇ ನಂದಿ ಏರುವವರು. ಅದೇ ತಂಡ 2020ರಲ್ಲಿ ಏರು ರಸ್ತೆಯಲ್ಲಿ ಪೂರ್ಣ ಬಲದ ಕಿರು ಓಟ ಅಳೆದಾಗ ಫಲಿತಾಂಶ ಬೇರೆಯಾಯಿತು: ಸಾಮಾನ್ಯ ಶೂ ಮತ್ತು ಚಪ್ಪಟೆ ಪೆಡಲ್‌ಗೆ ಹೋಲಿಸಿದರೆ ಸೈಕಲ್ ಶೂ ಮತ್ತು ಕ್ಲೀಟ್‌ನಲ್ಲಿ ಗರಿಷ್ಠ ಶಕ್ತಿ ಸುಮಾರು ಕಾಲು ಭಾಗದಷ್ಟು ಹೆಚ್ಚು. ಕ್ಲೀಟ್‌ನ ಲಾಭ ಪೂರ್ಣ ಬಲದ ಕೆಲವು ಸೆಕೆಂಡುಗಳಲ್ಲಿದೆ. 51 ನಿಮಿಷದ ತಾಳ್ಮೆಯ ಏರಿನಲ್ಲಿ ಅದು ಕಾಣುವುದಿಲ್ಲ.

ಇನ್ನು ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಪಾದರಕ್ಷೆಯಲ್ಲಿ ಗೆರೆ ಎಳೆದಿರುವುದು ಜೋಡಿಗೆ 2,500 ರೂಪಾಯಿಗೆ. ಅಷ್ಟರೊಳಗಿದ್ದರೆ ಶೇ 5, ಮೇಲಿದ್ದರೆ ಶೇ 18. ಮೊದಲು ಈ ಗೆರೆ 1,000 ರೂಪಾಯಿಗಿತ್ತು. ಮೇಲಿನದಕ್ಕೆ ಆಗಲೂ ಶೇ 18. ಹಾಗಾಗಿ ಪೆಡಲ್ ತೆರಿಗೆ ಇಳಿಯಿತು, 2,500ರ ಮೇಲಿನ ಕ್ಲೀಟ್ ಶೂ ತೆರಿಗೆ ಇದ್ದಲ್ಲೇ ಇದೆ.

ಮೂರು ಮಟ್ಟಕ್ಕೂ ಒಂದೊಂದು ಜೋಡಣೆ ಇಟ್ಟು ನೋಡೋಣ. ಇವು ಲೆಕ್ಕಕ್ಕೆಂದು ಹಿಡಿದ ತೆರಿಗೆಪೂರ್ವ ದುಂಡು ಬೆಲೆಗಳು, ಕೊಳ್ಳುವ ದಿನದ ಬೆಲೆ ಹಾಕಿ ಇದೇ ಕ್ರಮದಲ್ಲಿ ಮತ್ತೆ ಕೂಡಿಸಿಕೊಳ್ಳಬಹುದು. ಹೊಸಬರಿಗೆ ಪಿನ್ನಿರುವ ಚಪ್ಪಟೆ ಪೆಡಲ್ 1,500 ರೂ., ಗಟ್ಟಿ ಅಟ್ಟೆಯ ಸಾಮಾನ್ಯ ಶೂ 2,000 ರೂ. ಈಗಿನ ತೆರಿಗೆ 175 ಸೇರಿ ಒಟ್ಟು 3,675. ಹಳೆಯ ದರದಲ್ಲಿ ತೆರಿಗೆಯೇ 540 ಆಗಿ ಒಟ್ಟು 4,040 ಆಗುತ್ತಿತ್ತು. ಇಳಿಕೆ 365 ರೂಪಾಯಿ, ಶೇ 9.

ಅನುಭವಿಗಳಿಗೆ ಎಸ್‌ಪಿಡಿ ಪೆಡಲ್ 3,500, ಕ್ಲೀಟ್ ಶೂ 6,000. ಪೆಡಲ್ ಮೇಲೆ ತೆರಿಗೆ 175, ಶೂ ಮೇಲೆ 1,080, ಒಟ್ಟು 10,755. ಹಳೆಯ ದರದಲ್ಲಿ 11,000. ಇಳಿಕೆ 245 ರೂಪಾಯಿ, ಶೇ 2.2 ಮಾತ್ರ. ಸ್ಪರ್ಧಿಗಳಿಗೆ ಮೂರು ಬೋಲ್ಟಿನ ಪೆಡಲ್ 5,000, ಶೂ 9,000. ತೆರಿಗೆ 250 ಮತ್ತು 1,620, ಒಟ್ಟು 15,870. ಇಲ್ಲೂ ಇಳಿಕೆ ಶೇ 2.2. ತೆರಿಗೆ ಕಡಿತದ ಪಾಲು ಹೆಚ್ಚು ಸಿಕ್ಕಿದ್ದು ಚಪ್ಪಟೆ ಪೆಡಲ್‌ನವರಿಗೆ. ಇನ್ನೊಂದು ಅಂಶ: ಕ್ಲೀಟ್ ಪದ್ಧತಿಗೆ ಬದಲಾಗುವವರು ಪೆಡಲ್‌ಗಿಂತ ಶೂವಿಗೇ ಹೆಚ್ಚು ಕೊಡುತ್ತಾರೆ. ಮೇಲಿನ ಎರಡೂ ಜೋಡಣೆಗಳಲ್ಲಿ ತೆರಿಗೆ ಸೇರಿ ಶೂವಿನ ಪಾಲು ಶೇ 66ರ ಆಸುಪಾಸು. ಪೆಡಲ್ ಬೆಲೆ ಮಾತ್ರ ಕೇಳಿಕೊಂಡು ಅಂಗಡಿಗೆ ಹೋದವರ ಲೆಕ್ಕ ಇಲ್ಲೇ ತಪ್ಪುವುದು.

ಕೊಂಡ ಮೇಲಿನ ಖರ್ಚು ಸವೆತದ್ದು. ಶಿಮಾನೊ ಹೊಸ ಪೆಡಲ್ ಜೊತೆ ಒಂದು ಜೋಡಿ ಕ್ಲೀಟ್ ಕೊಡುತ್ತದೆ. ವರ್ಷಕ್ಕೆ 5,000 ಕಿ.ಮೀ. ಓಡಿಸುವವರು ಪ್ಲಾಸ್ಟಿಕ್ ಕ್ಲೀಟ್ ಅನ್ನು ವರ್ಷಕ್ಕೊಮ್ಮೆ, ಉಕ್ಕಿನದನ್ನು ಮೂರು ವರ್ಷದ ನಡುವೆ ಒಮ್ಮೆ ಬದಲಿಸುತ್ತಾರೆ ಎಂದುಕೊಳ್ಳೋಣ. ಪ್ಲಾಸ್ಟಿಕ್ ಜೋಡಿ 1,600, ಉಕ್ಕಿನ ಜೋಡಿ 1,200, ಎರಡಕ್ಕೂ ತೆರಿಗೆ ಸೇರಿದೆ. ಮೂರು ವರ್ಷದ 15,000 ಕಿ.ಮೀ.ಗೆ ಬದಲಿ ಕ್ಲೀಟ್ ಎರಡು ಜೋಡಿ ಸೇರಿ ಸ್ಪರ್ಧಾ ಜೋಡಣೆಯ ಒಟ್ಟು ಖರ್ಚು 19,070 ರೂಪಾಯಿ, ಕಿ.ಮೀ.ಗೆ 1 ರೂಪಾಯಿ 27 ಪೈಸೆ. ಎಸ್‌ಪಿಡಿಯದು 11,955, ಕಿ.ಮೀ.ಗೆ 80 ಪೈಸೆ. ಚಪ್ಪಟೆ ಪೆಡಲ್‌ನವರು ನಡುವೆ ಒಮ್ಮೆ ಶೂ ಬದಲಿಸಿದರೂ 5,775, ಕಿ.ಮೀ.ಗೆ 39 ಪೈಸೆ.

ಪ್ಲಾಸ್ಟಿಕ್ ಕ್ಲೀಟ್ ತುಳಿಯುವುದರಿಂದ ಸವೆಯುವುದಕ್ಕಿಂತ ನಡೆಯುವುದರಿಂದ ಹೆಚ್ಚು ಸವೆಯುತ್ತದೆ. ಅಟ್ಟೆಯಿಂದ ಹೊರಗೆ ಚಾಚಿಕೊಂಡಿರುವ ಅದರ ಮೂಲೆಗಳೇ ನೆಲಕ್ಕೆ ತಾಗುತ್ತವೆ. ಮೂಲೆ ದುಂಡಗಾದರೆ ಬಿಡುಗಡೆಯ ಕೋನವೂ ಕೆಡುತ್ತದೆ: ಬೇಡದಾಗ ಬಿಡುತ್ತದೆ, ಬೇಕಾದಾಗ ಸಿಕ್ಕಿಕೊಳ್ಳುತ್ತದೆ. ಎಸ್‌ಪಿಡಿಯ ಉಕ್ಕಿನ ತುಂಡು ಶೂವಿನ ರಬ್ಬರ್ ಹಲ್ಲುಗಳ ನಡುವೆ ಹುದುಗಿರುತ್ತದೆ. ಹೋಟೆಲಿನ ನುಣುಪು ನೆಲದ ಮೇಲೂ ಜಾರದೆ ನಡೆಯಬಹುದು.

ನಿಲ್ಲುವುದು ಎಷ್ಟು ಸಲ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ 80 ಕಿ.ಮೀ.ಯಲ್ಲಿ 4 ಕಿ.ಮೀ.ಗೆ ಒಂದು ನಿಲುಗಡೆ ಎಂದರೂ 20 ಸಲ ಕಾಲು ಬಿಡಿಸಬೇಕು, 20 ಸಲ ಮತ್ತೆ ಕಚ್ಚಿಸಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಮಾಲು ಬರುವ ಹೊತ್ತಿಗೆ ಸಿಕ್ಕಿಕೊಂಡರೆ ಲೆಕ್ಕ ಇನ್ನೂ ಏರುತ್ತದೆ. ಮೂರು ಬೋಲ್ಟಿನ ಪೆಡಲ್‌ಗೆ ಪ್ರವೇಶ ಒಂದೇ ಮುಖದಲ್ಲಿ. ಎಂ520ಕ್ಕೆ ಎರಡು ಮುಖ, ಕೆಳಗೆ ನೋಡದೆ ಕಾಲಿಟ್ಟರೂ ಕಚ್ಚುತ್ತದೆ. ಪಿಡಿ-ಇಎಚ್500 ಎಂಬ ಮಾದರಿಯಲ್ಲಿ ಒಂದು ಮುಖ ಚಪ್ಪಟೆ, ಇನ್ನೊಂದು ಎಸ್‌ಪಿಡಿ. ತೂಕ 383 ಗ್ರಾಂ, ಎಂ520ಗಿಂತ 3 ಗ್ರಾಂ ಹೆಚ್ಚು. ಊರೊಳಗೆ ಚಪ್ಪಟೆ ಮುಖ, ಹೊರಗೆ ಕ್ಲೀಟ್ ಎಂದು ಬಳಸಲು ಬರುವುದರಿಂದ, ಹೊಸಬರ ಮಟ್ಟದಿಂದ ಮೇಲೇರುತ್ತಿರುವವರಿಗೆ ನಾನು ಸೂಚಿಸುವುದು ಇದನ್ನೇ.

ದೂರ ಸವಾರರ ಲೆಕ್ಕವೂ ಎಸ್‌ಪಿಡಿ ಕಡೆಗೇ ವಾಲುತ್ತದೆ. ಬ್ರೆವೆ ಎಂದು ಕರೆಯುವ 200 ಕಿ.ಮೀ. ಸವಾರಿಗೆ ಕಾಲಮಿತಿ 13 ಗಂಟೆ 30 ನಿಮಿಷ. ನಿಲುಗಡೆ ಸೇರಿ ಸರಾಸರಿ ಗಂಟೆಗೆ 14.8 ಕಿ.ಮೀ. ಸಾಕು. ಆ ವೇಗದಲ್ಲಿ ಪೂರ್ಣ ಬಲದ ಓಟದ ಪ್ರಶ್ನೆ ಬರುವುದಿಲ್ಲ. ತಿಂಡಿಗೆ, ನೀರಿಗೆ, ಪಂಕ್ಚರಿಗೆ ಇಳಿದು ನಡೆಯುವ ಪ್ರಶ್ನೆ ಮಾತ್ರ ಖಂಡಿತ ಬರುತ್ತದೆ.

ನಮ್ಮ ಕೆಂಪು ಮಣ್ಣು ಯಾವ ಕಂಪನಿಯ ಕೈಪಿಡಿಯಲ್ಲೂ ಕಾಣುವುದಿಲ್ಲ. ಮಳೆಗಾಲದಲ್ಲಿ ಹೊಲದ ಬದಿಯಲ್ಲಿ ಒಮ್ಮೆ ಕಾಲೂರಿದರೆ, ಕ್ಲೀಟ್ ಬೋಲ್ಟಿನ ಅಲೆನ್ ಗುಂಡಿಯೊಳಗೆ ಮಣ್ಣು ತುಂಬಿ ಒಣಗಿ ಇಟ್ಟಿಗೆಯಂತಾಗುತ್ತದೆ. ಅದನ್ನು ಸೂಜಿಯಿಂದ ಕೆದಕದೆ ಅಲೆನ್ ಕೀ ಹಾಕಿದರೆ ಗುಂಡಿಯ ಅಂಚು ಕಿತ್ತುಹೋಗುತ್ತದೆ. ಕ್ಲೀಟ್ ಬೋಲ್ಟಿಗೆ ಬೇಕಾದ ಬಿಗಿ 5ರಿಂದ 6 ನ್ಯೂಟನ್-ಮೀಟರ್, ಅಷ್ಟೇ. ಕೂರಿಸುವಾಗ ಎಳೆಗಳಿಗೆ ಚೂರು ಗ್ರೀಸ್ ಹಚ್ಚಿದರೆ ಮುಂದಿನ ವರ್ಷ ಬಿಚ್ಚಲು ಬರುತ್ತದೆ. ಬೋಲ್ಟ್ ಸಡಿಲವಾದರೂ ಅಪಾಯವೇ. ಶೂ ತಿರುಗುತ್ತದೆ, ಕ್ಲೀಟ್ ಪೆಡಲ್‌ನಲ್ಲೇ ಉಳಿಯುತ್ತದೆ, ಕಾಲು ಬಿಡುವುದಿಲ್ಲ.

ಪೆಡಲ್ ಕೂರಿಸುವಲ್ಲಿ ಒಂದು ಎಚ್ಚರಿಕೆ. ಸಾಮಾನ್ಯ ಪೆಡಲ್ ಎಳೆಯ ಅಳತೆ 9/16 ಇಂಚು. ಎಡ ಪೆಡಲ್‌ನ ಎಳೆ ಉಲ್ಟಾ, ಅಪ್ರದಕ್ಷಿಣವಾಗಿ ಬಿಗಿಯಬೇಕು. ಬಿಗಿ 35ರಿಂದ 55 ನ್ಯೂಟನ್-ಮೀಟರ್. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 16 ಕೆ.ಜಿ. ಬಲ ಹಾಕಿದರೆ 40 ಸಿಗುತ್ತದೆ. ಅಲ್ಯೂಮಿನಿಯಂ ಕ್ರ್ಯಾಂಕಿಗೆ ಎಡ ಪೆಡಲ್ ಅನ್ನು ಬಲಕ್ಕೆ ತಿರುವಿ ಒತ್ತಿದರೆ ಎಳೆ ಹೋಗುತ್ತದೆ, ಹೊಸ ಕ್ರ್ಯಾಂಕಿಗೆ ಪೆಡಲ್‌ಗಿಂತ ಹೆಚ್ಚು ತೆರಬೇಕಾಗಬಹುದು.

ಹಾಗಾಗಿ ನನ್ನ ಲೆಕ್ಕದ ಕ್ರಮ ಹೀಗೆ. ನಂದಿ ಏರಲು 45 ನಿಮಿಷಕ್ಕಿಂತ ಹೆಚ್ಚು ಬೇಕಿದ್ದರೆ, ಅಥವಾ ಮೇಲಿನ ಕಡಿದಾದ ತುಂಡಿನಲ್ಲಿ ಒಮ್ಮೆಯಾದರೂ ಇಳಿದು ತಳ್ಳುವುದಿದ್ದರೆ, ಚಪ್ಪಟೆ ಪೆಡಲ್. ಉಳಿದ ಹಣ ಟೈರಿಗೆ, ಬ್ರೇಕ್ ಪ್ಯಾಡಿಗೆ ಹೋಗಲಿ, ಇಳಿಯುವಾಗ ಬೇಕಾಗುವುದು ಅವೇ. 30ರಿಂದ 45 ನಿಮಿಷದವರಿಗೆ ಎಸ್‌ಪಿಡಿ. ಸ್ಪ್ರಿಂಗಿನ ಬಿಗಿಯನ್ನು 3 ಮಿ.ಮೀ. ಅಲೆನ್ ಕೀಯಿಂದ ಕನಿಷ್ಠಕ್ಕೆ ಇಳಿಸಿಯೇ ಮೊದಲ ಸವಾರಿಗೆ ಹೊರಡಬೇಕು. ಎಂ520 ಜೊತೆಗೆ ಬರುವ ಎಸ್‌ಎಚ್51 ಕ್ಲೀಟ್ ಹಿಮ್ಮಡಿ ಪಕ್ಕಕ್ಕೆ ತಿರುಗಿದರೆ ಮಾತ್ರ ಬಿಡುತ್ತದೆ. ಬೇರೆಯಾಗಿ ಸಿಗುವ ಎಸ್‌ಎಚ್56 ಹಿಮ್ಮಡಿ ಎತ್ತಿ ಎಳೆದರೂ ಬಿಡುತ್ತದೆ. ಕಲಿಯುವ ತಿಂಗಳುಗಳಿಗೆ ಅದರ ಹೆಚ್ಚುವರಿ ಖರ್ಚು ಸಾರ್ಥಕ. ಮೂರು ಬೋಲ್ಟಿನ ಪದ್ಧತಿ 30 ನಿಮಿಷದೊಳಗೆ ಏರಿ, ಸ್ಪರ್ಧೆಯ ಪಟ್ಟಿಯಲ್ಲಿ ಹೆಸರು ಇರುವವರಿಗೆ. ಅವರಿಗೂ 320 ಗ್ರಾಂನ ಪಿಡಿ-ಆರ್‌ಎಸ್500 ಸಾಕಾಗುತ್ತದೆ. ಎಂ520ಗಿಂತ ಇದು 60 ಗ್ರಾಂ ಹಗುರ. 32 ನಿಮಿಷದ ಏರಿನಲ್ಲಿ 1.2 ಸೆಕೆಂಡ್.

ಯಾವ ಕ್ಲೀಟ್ ಪೆಡಲ್ ಕೊಂಡರೂ ರಸ್ತೆಗಿಳಿಯುವ ಮುನ್ನ ಮನೆಯ ಗೋಡೆ ಹಿಡಿದು ಪ್ರತಿ ಕಾಲಿಗೆ 50 ಸಲ ಕಚ್ಚಿಸಿ ಬಿಡಿಸಬೇಕು. ಹತ್ತು ನಿಮಿಷದ ಕೆಲಸ. ಕಾಲು ಯೋಚಿಸದೆ ತಿರುಗುವಂತಾದ ಮೇಲೆ ಶಾಲೆಯ ಮೈದಾನ, ಆಮೇಲೆ ಹೆದ್ದಾರಿ.

ಸಣ್ಣ ಪಾದದವರ ಲೆಕ್ಕ ಇನ್ನೂ ಬಾಕಿ ಇದೆ. ಮೇಲೆ ಹಿಮ್ಮಡಿಯ ಬಲ ಎಣಿಸುವಾಗ ಕ್ಲೀಟ್‌ನಿಂದ ಹಿಮ್ಮಡಿಗೆ 17 ಸೆಂ.ಮೀ. ಹಿಡಿದಿದ್ದೆವು, ಅದು ದೊಡ್ಡವರ ಪಾದ. ಪ್ರೌಢಶಾಲೆಯ ಹುಡುಗಿ ಅಥವಾ ಹುಡುಗನ ಪಾದದಲ್ಲಿ ಇದು 14 ಸೆಂ.ಮೀ. ಎಂದರೆ, 8ರ ಬಿಗಿಗೇ 5.8 ಕೆ.ಜಿ. ಬಲ ಬೇಕು, 12ಕ್ಕೆ 8.7 ಕೆ.ಜಿ. ತಳ್ಳುವ ಕಾಲು ಚಿಕ್ಕದು, ಬೇಕಾದ ಬಲ ಶೇ 21ರಷ್ಟು ಹೆಚ್ಚು. ಸ್ಕೀ ಪಟ್ಟಿಯಲ್ಲಿ ಅಟ್ಟೆಯ ಉದ್ದವನ್ನೂ ನೋಡುವುದು ಇದಕ್ಕೇ. ಅಣ್ಣನ ಹಳೆಯ ಪೆಡಲ್ ತಂಗಿಯ ಸೈಕಲ್ಲಿಗೆ ಹಾಕಿಕೊಡುವ ಮುನ್ನ ಸ್ಪ್ರಿಂಗನ್ನು ಕನಿಷ್ಠಕ್ಕೆ ಇಳಿಸಬೇಕು, ಅವಳನ್ನು ಗೋಡೆ ಹಿಡಿದು ನಿಲ್ಲಿಸಿ ಎರಡೂ ಕಾಲು ತಾನೇ ಬಿಡಿಸಿಕೊಳ್ಳುತ್ತಾಳೆಯೇ ಎಂದು ನೋಡಬೇಕು. ಕನಿಷ್ಠದಲ್ಲೂ ಬಿಡಿಸಲು ತಿಣುಕಿದರೆ, 1,500 ರೂಪಾಯಿಯ ಚಪ್ಪಟೆ ಪೆಡಲ್ ಹಾಕಿಸಿಕೊಡಿ. ಜಿಎಸ್‌ಟಿ ಸೇರಿ 1,575.